ವಿಲ್ಲೋಬಿ ವ್ಯಾಲೇಸ್ ಹೂಪರ್

ವಿಲ್ಲೋಬಿ ವ್ಯಾಲೇಸ್ ಹೂಪರ್ (1837–1912) ಬ್ರಿಟಿಷ್ ಸೇನಾಧಿಕಾರಿ ಹಾಗೂ ಛಾಯಾಗ್ರಾಹಕ. ದಕ್ಷಿಣ ಭಾರತದ 1876–78ರ ಮಹಾಕ್ಷಾಮದ ಛಾಯಾಚಿತ್ರಗಳಿಂದ ಇವರು ಪ್ರಸಿದ್ಧರು.

ಸೇವೆ ಮತ್ತು ಛಾಯಾಗ್ರಹಣ

ಲಂಡನ್ನಿನಲ್ಲಿ ಜನಿಸಿದ ಹೂಪರ್ 1858ರಲ್ಲಿ ಮದರಾಸು ಅಶ್ವದಳವನ್ನು ಸೇರಿದರು. 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಜನಸಮುದಾಯಗಳ ಛಾಯಾಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಹಲವು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಗ್ರಂಥದಲ್ಲಿ ಸೇರಿವೆ. ಪಶುವೈದ್ಯ ಜಾರ್ಜ್ ವೆಸ್ಟರ್ನ್ ಅವರೊಡನೆ ಬ್ರಿಟಿಷ್ ಅಧಿಕಾರಿಗಳ ದೈನಂದಿನ ಬದುಕನ್ನೂ ಹುಲಿಬೇಟೆಯನ್ನೂ ಚಿತ್ರಿಸಿದರು.

ಕ್ಷಾಮದ ಚಿತ್ರಗಳು

ಮಳೆಯ ಅಭಾವದಿಂದ ತಲೆದೋರಿದ ಈ ಕ್ಷಾಮವು ಬಳ್ಳಾರಿಯನ್ನೊಳಗೊಂಡ ಮದರಾಸು ಪ್ರಾಂತ್ಯ, ಮುಂಬಯಿ ಪ್ರಾಂತ್ಯ, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳನ್ನು ಬಾಧಿಸಿತು. ಮೈಸೂರು ಒಂದರಲ್ಲೇ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ನಾಶವಾಯಿತೆಂದು ಅಂದಾಜು. ಹೂಪರ್ ಮದರಾಸು ಪ್ರಾಂತ್ಯದಲ್ಲಿ ಎಲುಬಿನ ಹಂದರವಾಗಿದ್ದ ಸಂತ್ರಸ್ತರನ್ನು ಗುಂಪುಗುಂಪಾಗಿ ಕೂರಿಸಿ ಚಿತ್ರ ತೆಗೆದರು. ಕ್ಷಾಮದ ಭೀಕರತೆಗೆ ಇವು ಅಳಿಯದ ಸಾಕ್ಷ್ಯವಾದರೂ, ಹಸಿದವರಿಗೆ ನೆರವಾಗದೆ ಅವರ ಚಿತ್ರ ತೆಗೆದರೆಂಬ ಟೀಕೆಗೂ ಹೂಪರ್ ಗುರಿಯಾದರು.

ಬರ್ಮಾ ವಿವಾದ

ಮೂರನೆಯ ಆಂಗ್ಲೋ-ಬರ್ಮಾ ಯುದ್ಧದ ಕಾಲದಲ್ಲಿ ಹೂಪರ್ ಮಂಡಾಲೆಯಲ್ಲಿ ಸೈನ್ಯದ ಪ್ರೊವೊಸ್ಟ್ ಮಾರ್ಷಲ್ ಆಗಿದ್ದರು. ಅಲ್ಲಿ ಬಂದಿಗಳಿಗೆ ಗುಂಡಿಕ್ಕುವ ಕ್ಷಣವನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದರೆಂಬ ಸುದ್ದಿ ಬ್ರಿಟನ್ನಿನಲ್ಲಿ ಕೋಲಾಹಲವೆಬ್ಬಿಸಿತು. ವಿಚಾರಣೆಯ ಬಳಿಕ ಅವರಿಗೆ ಛೀಮಾರಿ ಹಾಕಿ, ತಾತ್ಕಾಲಿಕವಾಗಿ ವೇತನ ಕಡಿತಗೊಳಿಸಲಾಯಿತು. 1896ರಲ್ಲಿ ನಿವೃತ್ತರಾಗಿ, 1912ರಲ್ಲಿ ನಿಧನರಾದರು. ನೊಂದವರ ಚಿತ್ರ ತೆಗೆಯುವವನ ಹೊಣೆಯೇನೆಂಬ ಚರ್ಚೆಯಲ್ಲಿ ಇವರ ಹೆಸರು ಇಂದಿಗೂ ಉಲ್ಲೇಖವಾಗುತ್ತದೆ.