ತಿರುಚಿಯ ಮಲ್ಲನನ್ನು ಮಣಿಸಿದ ಒಡೆಯರು: ರಣಧೀರ ಕಂಠೀರವರ ಕುಸ್ತಿ ಅಂದು, ಇಂದು

ದಿಂಬಂ: ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೊರಟ ಬಸ್ಸು ಬಣ್ಣಾರಿ ದಾಟಿ 27 ತಿರುವುಗಳನ್ನು ಹತ್ತಿ ದಿಂಬಂ ಸೇರುವಷ್ಟರಲ್ಲಿ ಪ್ರಯಾಣಿಕರ ಮಾತೂ ತಮಿಳಿನಿಂದ ಕನ್ನಡಕ್ಕೆ ಹೊರಳಿರುತ್ತದೆ. ಈ ಬೆಟ್ಟ ಸಾಲಿನ ಕಣಿವೆ ದಾರಿಗಳಲ್ಲಿ ಉಪ್ಪು, ರಾಗಿ, ದನಕರುಗಳಷ್ಟೇ ಓಡಾಡಲಿಲ್ಲ. ದಂಡುಗಳೂ ಹತ್ತಿ ಇಳಿದಿವೆ. ಹೀಗೆ ದಂಡು ಕಳಿಸಿದ ಅರಸರಲ್ಲಿ ಒಬ್ಬರು ಸ್ವತಃ ಕುಸ್ತಿಪಟುವಾಗಿದ್ದರು. ಅವರೇ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು.

ತಾಳವಾಡಿ ಭಾಗದ ಹಿರಿಯರಿಗೆ ಈ ಹೆಸರು ಮೊದಲು ಪರಿಚಯವಾದದ್ದು ಸಿನಿಮಾ ಮೂಲಕ. 1960ರಲ್ಲಿ ತೆರೆಕಂಡ ರಣಧೀರ ಕಂಠೀರವ ಚಿತ್ರದಲ್ಲಿ ಒಡೆಯರ ಪಾತ್ರ ಮಾಡಿದವರು ಇದೇ ತಾಳವಾಡಿ ಬಳಿಯ ದೊಡ್ಡಗಾಜನೂರಿನ ಡಾ. ರಾಜ್‌ಕುಮಾರ್. ತೆರೆಯ ಮೇಲಿನ ಕಂಠೀರವರನ್ನು ಕಂಡವರು ಬಹಳ ಮಂದಿ. ಚರಿತ್ರೆಯ ಕಂಠೀರವರ ಬದುಕು ಮಾತ್ರ ಅಷ್ಟು ಸರಳವಾದುದಲ್ಲ.

ತೆರಕಣಾಂಬಿಯಿಂದ ಸಿಂಹಾಸನಕ್ಕೆ

ಕಂಠೀರವ ನರಸರಾಜ ಒಡೆಯರು ಹುಟ್ಟಿದ್ದು 1615ರಲ್ಲಿ. ತಂದೆ ಬೆಟ್ಟದ ಚಾಮರಾಜ ಒಡೆಯರು. ಶ್ರೀರಂಗಪಟ್ಟಣವನ್ನು 1610ರಲ್ಲಿ ಕೈವಶ ಮಾಡಿಕೊಂಡು ಅಲ್ಲಿ ದಸರಾ ಆಚರಣೆ ಆರಂಭಿಸಿದ ರಾಜ ಒಡೆಯರು ಇವರ ದೊಡ್ಡಪ್ಪ. ಪಟ್ಟಕ್ಕೆ ಬರುವ ಮುನ್ನ ನರಸರಾಜರು ವಾಸವಿದ್ದದ್ದು ತೆರಕಣಾಂಬಿಯಲ್ಲಿ. ಚಾಮರಾಜನಗರ-ಗುಂಡ್ಲುಪೇಟೆ ರಸ್ತೆಯಲ್ಲಿರುವ ಈ ಊರು ತಾಳವಾಡಿ ಸೀಮೆಗೆ ಪರಸ್ಥಳವೇನಲ್ಲ.

ಆ ಹೊತ್ತಿಗೆ ಮೈಸೂರಿನ ಆಡಳಿತ ದಳವಾಯಿ ವಿಕ್ರಮರಾಯನ ಕೈಯಲ್ಲಿತ್ತು. 1637ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ರಾಜ ಒಡೆಯರು ಮರುವರ್ಷವೇ ತೀರಿಕೊಂಡರು. ದಳವಾಯಿಯೇ ವಿಷ ಹಾಕಿಸಿದ ಎಂಬುದು ಚರಿತ್ರೆಕಾರರ ಬರಹ. ತನ್ನ ಮಾತು ಕೇಳುವ ಇನ್ನೊಬ್ಬ ಅರಸು ಸಿಕ್ಕಾನೆಂದು 1638ರ ನವೆಂಬರ್‌ನಲ್ಲಿ ಆತ ನರಸರಾಜರನ್ನು ಗಾದಿಗೆ ಕರೆತಂದ. ಆದರೆ 23 ವರ್ಷದ ಈ ಅರಸು ಯಾರ ಕೈಗೊಂಬೆಯೂ ಆಗುವವರಾಗಿರಲಿಲ್ಲ. ಅವರು ಪಟ್ಟಕ್ಕೆ ಬಂದ ಸ್ವಲ್ಪ ಕಾಲದಲ್ಲೇ ದಳವಾಯಿಯ ಕೊಲೆಯಾಯಿತು.

ಗಾದಿ ಭದ್ರವಾಗುವ ಮುನ್ನವೇ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ದಂಡೆತ್ತಿ ಬಂದ. 1639ರ ಜನವರಿಯಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಬಿಜಾಪುರದ ಸೇನೆ ಹಿಮ್ಮೆಟ್ಟಿತು. ಯುದ್ಧದಲ್ಲಿ ಕೆಚ್ಚೆದೆಯವನು ಎಂಬರ್ಥದ ರಣಧೀರ ಎಂಬ ಬಿರುದು ಜನರ ಬಾಯಲ್ಲಿ ಇಂದಿಗೂ ಉಳಿದಿದೆ.

ಚಡ್ಡಿಯ ಕೆಳಗೆ ನುಸುಳದ ಅಪರಿಚಿತ

ಒಡೆಯರ ಬಗ್ಗೆ ಹೆಚ್ಚು ಪ್ರಚಾರದಲ್ಲಿರುವ ಕಥೆ ಪಟ್ಟಕ್ಕೆ ಬರುವ ಮುಂಚಿನದು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಕೂಡ 1810ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾನೆ.

ತಿರುಚಿರಾಪಳ್ಳಿಯಲ್ಲಿ ಒಬ್ಬ ಪ್ರಚಂಡ ಮಲ್ಲನಿದ್ದ. ತನ್ನನ್ನು ಸೋಲಿಸುವವರಿಲ್ಲ ಎಂಬ ಗರ್ವದಿಂದ ಕುಸ್ತಿಯ ಚಡ್ಡಿಯನ್ನು ಊರಬಾಗಿಲಿಗೆ ನೇತುಹಾಕಿದ್ದ. ಒಳಗೆ ಬರುವವರೆಲ್ಲ ಅದರ ಕೆಳಗೇ ನುಸುಳಬೇಕು. ಒಲ್ಲದವರು ಅವನೊಡನೆ ಸೆಣಸಬೇಕು. ಈ ಸುದ್ದಿ ಕೇಳಿದ ನರಸರಾಜರು ವೇಷ ಮರೆಸಿಕೊಂಡು ಘಟ್ಟ ಇಳಿದು ಹೋದರು. ಬಾಗಿಲಲ್ಲಿ ತಲೆ ಬಗ್ಗಿಸಲಿಲ್ಲ. ಸೆಣಸಾಟ ಏರ್ಪಟ್ಟು, ಮಲ್ಲನ ಸಾವಿನೊಂದಿಗೆ ಮುಗಿಯಿತು. ಗೆದ್ದ ಅಪರಿಚಿತನನ್ನು ಸನ್ಮಾನಿಸಲು ಅಲ್ಲಿನ ದೊರೆ ಹುಡುಕಿಸಿದಾಗ ಆತ ಊರು ಬಿಟ್ಟಾಗಿತ್ತು.

ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ದಂತಕಥೆ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಆ ಕಾಲದ ಕುಸ್ತಿ ಎಂಥದ್ದು ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಮಲ್ಲಯುದ್ಧ ಅಂದು ಬರೀ ಆಟವಲ್ಲ. ಕತ್ತಿ, ಗದೆಗಳ ಜೊತೆಗೆ ಕಲಿಯುತ್ತಿದ್ದ ಯುದ್ಧವಿದ್ಯೆಯ ಒಂದು ಭಾಗ. ಸೋತವನು ಮನೆಗೆ ಮರಳುವ ಭರವಸೆ ಇರಲಿಲ್ಲ.

ಹಾಗಿದ್ದೂ ಅದಕ್ಕೊಂದು ಕಟ್ಟುಪಾಡಿತ್ತು. ಒಬ್ಬನಿಗೆ ಒಬ್ಬನೇ ಎದುರಾಳಿ. ಹತ್ತು ಜನ ನೋಡುವಂತೆ ಬಯಲಿನಲ್ಲೇ ಸೆಣಸಾಟ. ನಡುವೆ ಮೂರನೆಯವನು ಕೈಹಾಕುವಂತಿಲ್ಲ. ಕಥೆಯಲ್ಲಿ ಜನ ಮೆಚ್ಚುವುದು ಒಡೆಯರ ತೋಳಬಲವನ್ನಷ್ಟೇ ಅಲ್ಲ. ಗೆದ್ದ ಮೇಲೆ ಕಾಣಿಕೆಗೆ ಕಾಯದೆ ಹೊರಟುಹೋದ ರೀತಿಯನ್ನು.

ಘಟ್ಟ ಇಳಿದ ದಂಡು

ಅರಸರಾದ ಮೇಲೆ ಒಡೆಯರು ಘಟ್ಟ ಇಳಿದು ಹೋದದ್ದು ಒಬ್ಬರೇ ಅಲ್ಲ. ಅವರ ಆಳ್ವಿಕೆಯಲ್ಲಿ ಮೈಸೂರಿನ ಸೇನೆ ಮಧುರೆ ನಾಯಕರ ಅಧೀನದಲ್ಲಿದ್ದ ದಣ್ಣಾಯಕನ ಕೋಟೆಯನ್ನೂ ಸತ್ಯಮಂಗಲವನ್ನೂ ವಶಪಡಿಸಿಕೊಂಡಿತು. ಹೊಯ್ಸಳರ ದಂಡನಾಯಕರ ಹೆಸರು ಹೊತ್ತ ಆ ಕೋಟೆಯ ಜಾಗ ಇಂದು ಭವಾನಿಸಾಗರ ಅಣೆಕಟ್ಟೆಯ ನೀರಿನಡಿ ಇದೆ.

1650ರ ದಶಕದ ಕೊನೆಯಲ್ಲಿ ಮೈಸೂರು-ಮಧುರೆಗಳ ವೈರ ಭೀಕರ ರೂಪ ತಾಳಿತು. ಸತ್ಯಮಂಗಲ ಸೀಮೆಯ ಮೂಲಕ ಒಳನುಗ್ಗಿದ ಮೈಸೂರು ಸೈನಿಕರು ಕೈಗೆ ಸಿಕ್ಕವರ ಮೂಗು ಕೊಯ್ದು ಮೂಟೆ ಕಟ್ಟಿ ಅರಸರಿಗೆ ಕಳಿಸಿದರೆಂದು ಮಧುರೆಯಲ್ಲಿದ್ದ ಜೆಸ್ಯೂಟ್ ಪಾದ್ರಿಗಳು ಪತ್ರ ಬರೆದಿದ್ದಾರೆ. ಕಾಯಿಲೆ ಬಿದ್ದಿದ್ದ ತಿರುಮಲೈ ನಾಯಕರ ನೆರವಿಗೆ ರಾಮನಾಡಿನ ರಘುನಾಥ ಸೇತುಪತಿ ಧಾವಿಸಿ ಬಂದರು. ಮೈಸೂರು ದಂಡು ಹಿಂದೆ ಸರಿಯಿತು. ಬಳಿಕ ಮಧುರೆಯ ಸೇನೆ ಘಟ್ಟ ಹತ್ತಿ ಮೈಸೂರು ಸೀಮೆಯವರ ಮೂಗು ಕೊಯ್ದು ಸೇಡು ತೀರಿಸಿಕೊಂಡಿತು. ಇತಿಹಾಸದ ಪುಸ್ತಕಗಳಲ್ಲಿ ಇದು ಮೂಗು ಕೊಯ್ಯುವ ಯುದ್ಧವೆಂದೇ ಹೆಸರಾಗಿದೆ.

ಮೂಗು ಕಳೆದುಕೊಂಡವರಲ್ಲಿ ಯುದ್ಧಕ್ಕೂ ತಮಗೂ ಸಂಬಂಧವಿಲ್ಲದ ಹಳ್ಳಿಗರೂ ಇದ್ದರು. ಅವರಲ್ಲಿ ತಮಿಳು ಮಾತಾಡುವವರೂ ಇದ್ದರು, ಕನ್ನಡ ಮಾತಾಡುವವರೂ ಇದ್ದರು. ಅಖಾಡದ ಕಟ್ಟುಪಾಡು ದಂಡಿನಲ್ಲಿ ಉಳಿಯಲಿಲ್ಲ. ಗಾದಿಯ ಆಸೆ, ಗಡಿಯ ಆಸೆ ಬಂದಾಗ ಬಲ ಅಡ್ಡದಾರಿ ಹಿಡಿಯಿತು. ಮೈಸೂರು ಕಡೆ ತಿರುಚಿಯ ಮಲ್ಲನ ಕಥೆಯನ್ನೇ ಹೆಚ್ಚಾಗಿ ಹೇಳುತ್ತಾರೆ. ತಮಿಳಿನ ಇತಿಹಾಸ ಪುಸ್ತಕಗಳಲ್ಲಿ ಮೂಗಿನ ಯುದ್ಧವೇ ಮುಖ್ಯ. ಎರಡೂ ಭಾಷೆ ಬಲ್ಲ ಗಡಿ ಜನ ಎರಡನ್ನೂ ಒಟ್ಟಿಗಿಟ್ಟು ನೋಡಬಲ್ಲರು.

ಒಡೆಯರ ಆಳ್ವಿಕೆಯಲ್ಲಿ ಒಳ್ಳೆಯ ಕೆಲಸಗಳೂ ಅನೇಕ ನಡೆದವು. ಅವರು ಟಂಕಿಸಿದ ಚಿನ್ನದ ಕಂಠೀರವ ಹಣ ಎಷ್ಟು ಬಳಕೆಯಾಯಿತೆಂದರೆ ಒಂದೂವರೆ ಶತಮಾನದ ಬಳಿಕ ದಿವಾನ್ ಪೂರ್ಣಯ್ಯನವರ ಕಾಲದಲ್ಲೂ ಸರ್ಕಾರದ ಲೆಕ್ಕ ಕಂಠೀರವ ವರಹಗಳಲ್ಲೇ ನಡೆಯುತ್ತಿತ್ತು. ಆಸ್ಥಾನ ಕವಿ ಗೋವಿಂದ ವೈದ್ಯ 1648ರಲ್ಲಿ ಕಂಠೀರವ ನರಸರಾಜ ವಿಜಯವೆಂಬ ಸಾಂಗತ್ಯ ಕಾವ್ಯ ರಚಿಸಿದ. ಶ್ರೀರಂಗಪಟ್ಟಣದ ನರಸಿಂಹ ದೇವಾಲಯ ಅವರು ಕಟ್ಟಿಸಿದ್ದು. ಅಲ್ಲಿ ಅವರ ಕಲ್ಲಿನ ಪ್ರತಿಮೆಯನ್ನು ಇಂದಿಗೂ ಕಾಣಬಹುದು. 1659ರ ಜುಲೈ 31ರಂದು ಒಡೆಯರು ತೀರಿಕೊಂಡರು. ಅವರ ಎದುರಾಳಿ ತಿರುಮಲೈ ನಾಯಕರು ಕಾಲವಾದದ್ದೂ ಅದೇ ವರ್ಷ.

ಮಟ್ಟಿಯಿಂದ ಮ್ಯಾಟಿಗೆ

ಕಂಠೀರವರ ಕಾಲದ ಮಲ್ಲಯುದ್ಧದ ಕುರುಹು ಮೈಸೂರಿನಲ್ಲಿ ಪೂರ್ತಿ ಅಳಿದಿಲ್ಲ. ವಿಜಯದಶಮಿಯಂದು ಜಂಬೂ ಸವಾರಿಗೆ ಮುನ್ನ ಅರಮನೆಯೊಳಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ಧರಿಸಿ ಸೆಣಸುತ್ತಾರೆ. ಮೈಸೂರು, ಚನ್ನಪಟ್ಟಣಗಳಂತೆ ಚಾಮರಾಜನಗರದ ಜಟ್ಟಿಗಳೂ ಇದರಲ್ಲಿ ಭಾಗವಹಿಸುವುದುಂಟು. ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಕೊಲ್ಲುವ ವಿದ್ಯೆ ಒಂದು ಹನಿ ರಕ್ತಕ್ಕೆ ನಿಂತಿದೆ.

ಇನ್ನು ಗರಡಿ ಮನೆಯ ನಾಡಕುಸ್ತಿ. ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ ಬೆರೆಸಿ ಹದ ಮಾಡಿದ ಮಟ್ಟಿಯೇ ಅಖಾಡ. ಪೈಲ್ವಾನರು ಮಣ್ಣಿಗೆ ನಮಸ್ಕರಿಸಿ ಇಳಿಯುತ್ತಾರೆ. ದಂಡೆ, ಬಸ್ಕಿ, ಗದೆ ತಿರುಗಿಸುವುದು, ಮಟ್ಟಿ ಅಗೆಯುವುದು ಎಲ್ಲವೂ ಸಾಧನೆಯೇ. ಎದುರಾಳಿಯನ್ನು ಚಿತ್ ಮಾಡಿದರಷ್ಟೇ ಗೆಲುವು. ದಸರಾ ಸಮಯದಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ನಡೆಯುವ ಕುಸ್ತಿಗೆ ಮೊದಲೇ ಜೋಡಿ ಕಟ್ಟುವ ಸಂಪ್ರದಾಯವಿದೆ. ಸರಿಸಮಾನರನ್ನು ಎದುರುಬದುರು ನಿಲ್ಲಿಸುವುದು ಹಿರಿಯರ ಹೊಣೆ.

ಆಧುನಿಕ ಕುಸ್ತಿಯ ರೀತಿ ಬೇರೆ. 9 ಮೀಟರ್ ಅಗಲದ ವೃತ್ತವಿರುವ ಮ್ಯಾಟು, ಮೂರು ಮೂರು ನಿಮಿಷದ ಎರಡು ಸುತ್ತು, ಪ್ರತಿ ಪಟ್ಟಿಗೂ ಪಾಯಿಂಟು. ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟು ಮುನ್ನಡೆ ಸಿಕ್ಕರೆ ಚಿತ್ ಆಗದಿದ್ದರೂ ಪಂದ್ಯ ಮುಗಿಯಿತು. ಜೋಡಿ ಕಟ್ಟಲು ಹಿರಿಯರ ಕಣ್ಣಂದಾಜು ಬೇಕಿಲ್ಲ, ತೂಕದ ಯಂತ್ರ ಸಾಕು. ಮಣ್ಣಿನಲ್ಲಿ ಕಾಲು ನೆಟ್ಟು ನಿಲ್ಲುವ ತಾಳ್ಮೆಗಿಂತ ಮ್ಯಾಟಿನ ಮೇಲೆ ವೇಗವೇ ಮುಖ್ಯ. ಮಹಾರಾಷ್ಟ್ರದ ಹಳ್ಳಿಯ ಮಣ್ಣಿನಲ್ಲಿ ಬೆಳೆದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು. ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದರು. ಮಟ್ಟಿಯಲ್ಲಿ ಕಲಿತ ವಿದ್ಯೆ ಮ್ಯಾಟಿನ ಮೇಲೂ ನಡೆಯಿತು ಎಂಬುದಕ್ಕೆ ಅವರೇ ಉದಾಹರಣೆ.

ಜಪಾನಿನಲ್ಲೂ ಇದೇ ಕಥೆ

ಇಂಥ ಬದಲಾವಣೆ ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಜಪಾನಿನ ಸಮುರಾಯಿ ಯೋಧರು ಕತ್ತಿ ಧರಿಸಿ ಓಡಾಡುವುದನ್ನು ಅಲ್ಲಿನ ಸರ್ಕಾರ 1876ರಲ್ಲಿ ನಿಷೇಧಿಸಿತು. ಯುದ್ಧಕ್ಕಾಗಿ ಕಲಿಯುತ್ತಿದ್ದ ಜುಜುತ್ಸು ವಿದ್ಯೆಗೆ ಬೆಲೆ ಇಲ್ಲದಂತಾಯಿತು. ಆಗ ಜಿಗೊರೊ ಕಾನೊ ಎಂಬ ಶಿಕ್ಷಕರು ಅದರ ಪಟ್ಟುಗಳಲ್ಲಿ ಪ್ರಾಣಕ್ಕೆ ಅಪಾಯ ತರುವಂಥವನ್ನು ಸ್ಪರ್ಧೆಯಿಂದ ಕೈಬಿಟ್ಟು, ಎತ್ತಿ ಎಸೆಯುವ, ಅದುಮಿ ಹಿಡಿಯುವ ಪಟ್ಟುಗಳನ್ನು ಉಳಿಸಿಕೊಂಡು 1882ರಲ್ಲಿ ಜೂಡೋ ಶಾಲೆ ತೆರೆದರು. ಕತ್ತಿವರಸೆ ಬಿದಿರಿನ ಕತ್ತಿ ಹಿಡಿದು ಆಡುವ ಕೆಂಡೋ ಆಯಿತು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜೂಡೋಗೆ ಜಾಗ ಸಿಕ್ಕಿತು. ಪಾಯಿಂಟಿನ ಬೆನ್ನು ಹತ್ತಿ ಹಳೆಯ ವಿದ್ಯೆಯ ಸತ್ವ ಹೋಯಿತು ಎಂಬ ದೂರು ಅಲ್ಲಿಯೂ ಇದೆ, ಗರಡಿಯ ಉಸ್ತಾದರಲ್ಲೂ ಇದೆ.

ದೂರಿನಲ್ಲಿ ಹುರುಳಿಲ್ಲದಿಲ್ಲ. ಮ್ಯಾಟು, ಯಂತ್ರ, ತರಬೇತುದಾರ ಎಲ್ಲಕ್ಕೂ ಹಣ ಬೇಕು. ಮಟ್ಟಿಗೆ ಬೇಕಾದದ್ದು ಊರವರ ಒಗ್ಗಟ್ಟು. ಗರಡಿ ಮುಚ್ಚಿದರೆ ಹಳ್ಳಿಯ ಹುಡುಗರಿಗೆ ಸಂಜೆ ಸೇರುವ ಒಂದು ಶಿಸ್ತಿನ ಜಾಗವೇ ಇಲ್ಲವಾಗುತ್ತದೆ. ಹಾಗೆಂದು ಹೊಸತೆಲ್ಲ ಕೆಟ್ಟದ್ದೂ ಅಲ್ಲ. ಹಿಂದೆ ಗರಡಿಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ 2004ರಿಂದ ಮಹಿಳೆಯರ ಕುಸ್ತಿ ಇದೆ. 2016ರಲ್ಲಿ ಸಾಕ್ಷಿ ಮಲಿಕ್ ಅದರಲ್ಲಿ ಕಂಚಿನ ಪದಕ ಗೆದ್ದರು. ಇಂದು ದಸರಾ ಕುಸ್ತಿಯಲ್ಲೂ ಹೆಣ್ಣುಮಕ್ಕಳು ಸೆಣಸುತ್ತಾರೆ.

ಅಂದಿನ ಕುಸ್ತಿಗೂ ಇಂದಿನ ಕುಸ್ತಿಗೂ ಇರುವ ದೊಡ್ಡ ವ್ಯತ್ಯಾಸ ಮಣ್ಣು, ಮ್ಯಾಟುಗಳದ್ದಲ್ಲ. ಸೋತವನು ಎದ್ದು ಮೈ ಕೊಡವಿ, ಗೆದ್ದವನ ಕೈ ಕುಲುಕಿ ಮನೆಗೆ ಹೋಗುತ್ತಾನೆ ಎಂಬುದೇ ದೊಡ್ಡ ವ್ಯತ್ಯಾಸ. ತಿರುಚಿಯ ಮಲ್ಲನಿಗೆ ಆ ಭಾಗ್ಯವಿರಲಿಲ್ಲ. ಘಟ್ಟದ ಎರಡೂ ಬದಿಯಲ್ಲಿ ಮೂಗು ಕಳೆದುಕೊಂಡ ಹಳ್ಳಿಗರಿಗಂತೂ ಅಖಾಡದ ನ್ಯಾಯವೂ ಸಿಗಲಿಲ್ಲ. ಕಂಠೀರವ ಒಡೆಯರ ಹೆಸರನ್ನು ಅಭಿಮಾನದಿಂದ ಹೇಳುವ ಗಡಿನಾಡಿನ ಹುಡುಗರು ಅವರ ತೋಳಬಲದ ಜೊತೆಗೆ ಈ ಪಾಠವನ್ನೂ ಕಲಿತರೆ ಒಳ್ಳೆಯದು. ಕಟ್ಟುಪಾಡಿಗೆ ಒಳಗಾದ ಬಲವೇ ವಿದ್ಯೆ. ಕಟ್ಟುಪಾಡು ಮೀರಿದ್ದು ಎಷ್ಟೇ ದೊಡ್ಡ ಅರಸರದಾದರೂ ಬರೀ ಹಿಂಸೆ.