ಸೆಂಟ್ರಲ್ ಫಿನ್ಸ್‌ಬರಿಯ ಮಾನ್ಯ ಸದಸ್ಯರು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹಾಸ್ಟೆಲಿಗೆ ಸೇರಿದ ಮೊದಲ ವಾರದಲ್ಲಿಯೇ ನನ್ನ ಹೆಸರು ಮರೆಯಾಗಿ ಊರಿನ ಹೆಸರೇ ನನಗೆ ಅಂಟಿಕೊಂಡಿತು. ನನ್ನ ಹೆಸರಿನವರೇ ಇನ್ನಿಬ್ಬರು ಅಲ್ಲಿದ್ದುದು ಇದಕ್ಕೆ ಕಾರಣ. ಬಸ್ಸೂ ಬಾರದ ಆ ಊರಿನ ಹೆಸರನ್ನು ಊಟದ ಪಂಕ್ತಿಯಲ್ಲಿ ಯಾರಾದರೂ ಕೂಗಿದರೆ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ. ಈ ವರ್ಷ ದಾದಾಭಾಯಿ ನವರೋಜಿಯವರ ಜೀವನವನ್ನು ಓದಿದ ಮೇಲೆ ಆ ನಾಚಿಕೆ ಹೋಯಿತು. ಆ ಮಹನೀಯರೂ ಮೂರು ವರ್ಷಗಳ ಕಾಲ ಒಂದು ಸ್ಥಳದ ಹೆಸರಿನಿಂದಲೇ ಕರೆಯಿಸಿಕೊಂಡವರು.

ದಾದಾಭಾಯಿಯವರು 1825ನೆಯ ಇಸವಿ ಸೆಪ್ಟೆಂಬರ್ 4ರಂದು ಬಡ ಪಾರಸಿ ಪುರೋಹಿತ ಮನೆತನದಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ತಾಯಿ ಮಾಣೆಕ್‌ಬಾಯಿಯವರಿಗೆ ಓದುಬರಹ ತಿಳಿಯದು; ಆದರೂ ಕಷ್ಟಪಟ್ಟು ಮಗನನ್ನು ಓದಿಸಿದರು. ನನ್ನ ವಿದ್ಯಾರ್ಥಿವೇತನದ ಅರ್ಜಿಗೆ ನಮ್ಮ ಅವ್ವ ಹೆಬ್ಬೆಟ್ಟು ಒತ್ತಿದ್ದು ಇದನ್ನೋದುವಾಗ ನೆನಪಾಯಿತು. ಮುಂಬಯಿಯ ಆ ಶಾಲೆಯಲ್ಲಿ ಫೀಸು ಇರಲಿಲ್ಲ. ಸಾರ್ವಜನಿಕರ ಹಣದಿಂದ ಕಲಿತವನು ಸಾರ್ವಜನಿಕರಿಗೇ ಋಣಿ ಎಂಬ ಭಾವನೆ ಅವರಲ್ಲಿ ಎಳವೆಯಲ್ಲಿಯೇ ಬೇರೂರಿತು.

ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕ ಪದವಿಗೇರಿದ ಮೊದಲ ಭಾರತೀಯರು ಅವರೇ. 1855ರಲ್ಲಿ ವ್ಯಾಪಾರಕ್ಕಾಗಿ ಲಂಡನ್ನಿಗೆ ಹೋದರು. ಮುಂದೆ ಬರೋಡಾ ಸಂಸ್ಥಾನದ ದಿವಾನರಾದರು. 1886ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ನಮ್ಮ ದೇಶದ ಸಂಪತ್ತು ವರ್ಷವರ್ಷವೂ ಇಂಗ್ಲೆಂಡಿಗೆ ಹರಿದುಹೋಗುತ್ತಿರುವುದೇ ಇಲ್ಲಿಯ ಬಡತನಕ್ಕೆ ಕಾರಣವೆಂದು ಲೆಕ್ಕಸಹಿತ ತೋರಿಸಿದರು. ಆ ಲೆಕ್ಕವನ್ನು ಆಳುವವರ ಸಭೆಯಲ್ಲಿಯೇ ಒಪ್ಪಿಸಬೇಕೆಂಬುದು ಅವರ ಹಂಬಲ. ಅದಕ್ಕಾಗಿ 1886ರಲ್ಲಿಯೇ ಲಂಡನ್ನಿನ ಹೋಬರ್ನ್ ಕ್ಷೇತ್ರದಿಂದ ಚುನಾವಣೆಗೆ ನಿಂತು ಸೋತಿದ್ದರು. ಎರಡು ವರ್ಷಗಳ ತರುವಾಯ ಪ್ರಧಾನಮಂತ್ರಿ ಸಾಲ್ಸ್‌ಬರಿ ಪ್ರಭುಗಳು ಎಡಿನ್‌ಬರೋದಲ್ಲಿ ಆ ಸೋಲನ್ನು ಪ್ರಸ್ತಾಪಿಸಿ, ಕರಿಯನೊಬ್ಬನನ್ನು ಆರಿಸುವಷ್ಟಕ್ಕೆ ಇಂಗ್ಲಿಷ್ ಮತದಾರರು ಇನ್ನೂ ಬಂದಿಲ್ಲವೆಂಬ ಅರ್ಥದ ಮಾತನ್ನಾಡಿದರು. ಈ ಕಟು ನುಡಿಯನ್ನು ಅನೇಕ ಇಂಗ್ಲಿಷರೇ ಖಂಡಿಸಿದರು. ದಾದಾಭಾಯಿಯವರ ಹೆಸರು ಆ ದೇಶದಲ್ಲೆಲ್ಲ ಹರಡಿತು.

ಅವರು ಮುಂದೆ ನಿಂತ ಕ್ಷೇತ್ರ ಸೆಂಟ್ರಲ್ ಫಿನ್ಸ್‌ಬರಿ. ಫಿನ್ಸ್‌ಬರಿ ಎಂದರೆ ಫಿನ್ ಎಂಬಾತನ ಠಾವು ಎಂದು ಸ್ಥಳನಾಮಗಳನ್ನು ಬಲ್ಲವರು ಅರ್ಥ ಹೇಳುತ್ತಾರೆ. ನಮ್ಮಲ್ಲಿಯೂ ಎಂದೋ ಬಾಳಿದವರ ಹೆಸರು ಊರ ಹೆಸರಿನಲ್ಲಿ ಉಳಿದಿರುವುದುಂಟಷ್ಟೆ. 1832ರಲ್ಲಿ ಫಿನ್ಸ್‌ಬರಿ ಪಾರ್ಲಿಮೆಂಟಿನ ಕ್ಷೇತ್ರವಾಯಿತು. 1885ರಲ್ಲಿ ಅದನ್ನು ಒಡೆದಾಗ ನಡುವಿನ ಭಾಗಕ್ಕೆ ಸೆಂಟ್ರಲ್ ಎಂಬ ಮಾತು ಸೇರಿತು. ಗಡಿಯಾರ ಮಾಡುವ ಕುಶಲಕರ್ಮಿಗಳಿಗೆ ಹೆಸರಾದ ಕ್ಲರ್ಕನ್‌ವೆಲ್ ಪೇಟೆ ಇದ್ದುದು ಇಲ್ಲಿಯೇ. 1892ರ ಚುನಾವಣೆಯಲ್ಲಿ ದಾದಾಭಾಯಿಯವರಿಗೆ 2,961 ಮತಗಳು, ಎದುರಾಳಿಗೆ 2,956. ಅಂತರ ಕೇವಲ 5! ನವರೋಜಿ ಎಂಬ ಹೆಸರನ್ನು ಕೆಲವರು ನ್ಯಾರೋ ಮೆಜಾರಿಟಿ, ಎಂದರೆ ಕೂದಲೆಳೆಯ ಬಹುಮತ, ಎಂದು ತಿರುಚಿ ನಕ್ಕರು.

ಆದರೆ ಕಾಮನ್ಸ್ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಸಂಪ್ರದಾಯವಿದೆ. ಚರ್ಚೆಯಲ್ಲಿ ಒಬ್ಬ ಸದಸ್ಯರು ಇನ್ನೊಬ್ಬರ ಹೆಸರನ್ನು ಎತ್ತುವಂತಿಲ್ಲ. ಇಂಥ ಕ್ಷೇತ್ರದ ಮಾನ್ಯ ಸದಸ್ಯರು ಎಂದೇ ಹೇಳಬೇಕು. ಅಲ್ಲಿ ಮಾತನಾಡುವವನು ವ್ಯಕ್ತಿಯಲ್ಲ, ಅವನನ್ನು ಕಳುಹಿಸಿದ ಜನ ಎಂಬುದು ಇದರ ತಾತ್ಪರ್ಯ. ದಾದಾಭಾಯಿಯವರ ಹೆಸರನ್ನು ಹಾಸ್ಯಮಾಡಿದ ಪಕ್ಷದವರೂ, ಬಣ್ಣವನ್ನು ಹೀಗಳೆದವರೂ, ಸಭೆಯಲ್ಲಿ ಅವರನ್ನು ತಮ್ಮದೇ ರಾಜಧಾನಿಯ ಒಂದು ಪೇಟೆಯ ಹೆಸರಿನಿಂದ, ಮಾನ್ಯ ಎಂಬ ವಿಶೇಷಣದೊಡನೆ ಕರೆಯಬೇಕಾಯಿತು!

ಆ ಒಂದು ಹೆಸರಿನ ಹಿಂದೆ ಎರಡು ಋಣಗಳಿದ್ದವು. ಮತ ಕೊಟ್ಟವರು ಫಿನ್ಸ್‌ಬರಿಯವರು. ಮತವೇ ಇಲ್ಲದ ಕೋಟ್ಯಂತರ ಭಾರತೀಯರೂ ಅವರನ್ನು ತಮ್ಮ ಪ್ರತಿನಿಧಿಯೆಂದೇ ಬಗೆದರು. ಐ.ಸಿ.ಎಸ್. ಪರೀಕ್ಷೆ ಆಗ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಹಡಗಿನ ಖರ್ಚಿಲ್ಲದ ಬಡವರ ಮಕ್ಕಳಿಗೆ ಅದು ಕನಸಿನ ಗಂಟು. ಅದನ್ನು ಭಾರತದಲ್ಲಿಯೂ ಏಕಕಾಲಕ್ಕೆ ನಡೆಸಬೇಕೆಂಬ ನಿರ್ಣಯ ಅವರ ಪ್ರಯತ್ನದಿಂದ 1893ರಲ್ಲಿ ಸಭೆಯ ಒಪ್ಪಿಗೆ ಪಡೆಯಿತು. ಸರ್ಕಾರ ಅದನ್ನು ಆಚರಣೆಗೆ ತರಲಿಲ್ಲ. ಪರೀಕ್ಷೆ ಭಾರತದಲ್ಲಿ ನಡೆಯತೊಡಗಿದ್ದು 1922ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ.

1895ರಲ್ಲಿ ಅವರು ಸೋತರು. ಕ್ಷೇತ್ರದ ಹೆಸರು ಅವರಿಂದ ಕಳಚಿತು, ಕೆಲಸ ಕಳಚಲಿಲ್ಲ. 1906ರ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ, 81ರ ಇಳಿವಯಸ್ಸಿನಲ್ಲಿ, ಸ್ವರಾಜ್ಯವೇ ನಮ್ಮ ಗುರಿಯೆಂದು ಸಾರಿದರು. 1917ರ ಜೂನ್ 30ರಂದು ಮುಂಬಯಿಯಲ್ಲಿ ನಿಧನರಾದರು. ಮರುವರ್ಷವೇ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಸೆಂಟ್ರಲ್ ಫಿನ್ಸ್‌ಬರಿ ಎಂಬ ಕ್ಷೇತ್ರವೂ ಇಲ್ಲವಾಯಿತು. ಇಂದು ಅದೇ ಪ್ರದೇಶದ ಒಂದು ಬೀದಿಗೆ ನವರೋಜಿ ಬೀದಿಯೆಂದು ಹೆಸರು. ಒಮ್ಮೆ ಸ್ಥಳ ತನ್ನ ಹೆಸರನ್ನು ಅವರಿಗೆ ಕೊಟ್ಟಿತ್ತು. ಈಗ ಅವರ ಹೆಸರನ್ನು ಸ್ಥಳ ಹೊತ್ತಿದೆ.

ನನ್ನ ಓದಿಗೂ ಸಾರ್ವಜನಿಕರ ಹಣವೇ ಆಧಾರ. ಊರಿನ ಹೆಸರು ಹೊತ್ತವನು ಊರಿನ ಋಣವನ್ನೂ ಹೊತ್ತಿರುತ್ತಾನೆಂದು ದಾದಾಭಾಯಿಯವರಿಂದ ಕಲಿತೆ. ಈಗ ಪಂಕ್ತಿಯಲ್ಲಿ ನನ್ನೂರಿನ ಹೆಸರು ಕೂಗಿದರೆ ತಲೆಯೆತ್ತಿ ಓಗೊಡುತ್ತೇನೆ.