ಮಲೇರಿಯಾ ಕಡಿಮೆಯಾಗಿದೆ, ಇನ್ನು ಖರ್ಚು ಯಾಕೆ? ರೊನಾಲ್ಡ್ ರಾಸ್ ಬದುಕಿನಲ್ಲಿದೆ ಉತ್ತರ

ಮಳೆಗಾಲ ಶುರುವಾದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಬೀದಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ. ಡ್ರಮ್ಮಿನ ಮುಚ್ಚಳ ತೆಗೆದು ನೋಡುತ್ತಾರೆ, ಸಂಪಿನೊಳಗೆ ಟಾರ್ಚ್ ಬಿಡುತ್ತಾರೆ, ಹಿತ್ತಲಲ್ಲಿ ಬಿದ್ದ ಟೈರು, ತೆಂಗಿನ ಚಿಪ್ಪಿನ ನೀರು ಚೆಲ್ಲಿಸುತ್ತಾರೆ. ನಮ್ಮಲ್ಲಿ ಹಲವರಿಗೆ ಇದು ಕಿರಿಕಿರಿ. ಊರಲ್ಲಿ ಮಲೇರಿಯಾನೇ ಇಲ್ಲ, ಇದಕ್ಕೆಲ್ಲ ಸರ್ಕಾರ ಯಾಕೆ ದುಡ್ಡು ಸುರಿಯಬೇಕು ಎನ್ನುವ ಮಾತು ಅರಳಿಕಟ್ಟೆಯಲ್ಲೂ ಕೇಳುತ್ತದೆ, ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತದೆ.

ಈ ಮಾತು ಸರಿಯೇ? ಇದನ್ನು ತಿಳಿಯಲು ನಾವು ಒಬ್ಬ ವೈದ್ಯರ ಬದುಕನ್ನು ನೋಡೋಣ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿ ನೊಬೆಲ್ ಪಡೆದವರು ರೊನಾಲ್ಡ್ ರಾಸ್. ಅವರ ಕಥೆಯ ಒಂದು ಮುಖ್ಯ ಭಾಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಬೆಂಗಳೂರಿನ ಬಂಗಲೆ, ಕಿಟಕಿಯಾಚೆಯ ತೊಟ್ಟಿ

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ತಂದೆ ಬ್ರಿಟಿಷ್ ಭಾರತದ ಸೇನಾಧಿಕಾರಿ. ಮಗನಿಗೆ ಕವಿತೆ, ಚಿತ್ರಕಲೆಯ ಹುಚ್ಚು. ಅಪ್ಪನ ಒತ್ತಾಯಕ್ಕೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹಂಗಾಮಿ ವೈದ್ಯರಾಗಿ ಬಂದರು. ಅವರಿಗೆ ಸಿಕ್ಕ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ. ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆ ಮರಿಗಳು ಗಿಜಿಗುಡುತ್ತಿದ್ದವು. ತೊಟ್ಟಿ ಬೋರಲು ಹಾಕಿದರು, ಸೊಳ್ಳೆ ಕಾಟ ತಗ್ಗಿತು. ಅಧಿಕಾರಿಗಳ ಭೋಜನಶಾಲೆಯ ಸುತ್ತಲೂ ಹೀಗೇ ಮಾಡೋಣ ಎಂದು ಸೂಚಿಸಿದರೆ, ಮೇಲಿನ ಅಧಿಕಾರಿ ಒಪ್ಪಲೇ ಇಲ್ಲ.

ಆಗ ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆ ಎಂದು ರಾಸ್‌ಗೂ ಗೊತ್ತಿರಲಿಲ್ಲ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಚಳಿಜ್ವರಕ್ಕೆ ಕಾರಣ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದ್ದ ಕಾಲ ಅದು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ರೋಗಿಯ ರಕ್ತದಲ್ಲಿ ಮಲೇರಿಯಾದ ಸೂಕ್ಷ್ಮಜೀವಿ ಇರುವುದನ್ನು ಫ್ರಾನ್ಸಿನ ಲಾವೆರಾನ್ 1880ರಲ್ಲೇ ಕಂಡಿದ್ದರೂ, ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹೇಗೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಸಂಶೋಧನೆ ಮಧ್ಯದಲ್ಲೇ ವರ್ಗಾವಣೆ

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ರಾಸ್‌ಗೆ ಆ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಸೊಳ್ಳೆಯ ಮೇಲೆ ತಮಗಿದ್ದ ಅನುಮಾನವನ್ನೂ ಹೇಳಿದರು. ರಾಸ್‌ಗೆ ಅದೇ ಧ್ಯಾನವಾಯಿತು. 1895ರಲ್ಲಿ ಸಿಕಂದರಾಬಾದಿಗೆ ಬಂದು ಕೆಲಸ ಶುರು ಮಾಡಿದರು. ಅವರಿಗೆ ಪ್ರಯೋಗಾಲಯವಾಗಲಿ, ಅನುದಾನವಾಗಲಿ ಇರಲಿಲ್ಲ. ಸೇನಾ ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತಷ್ಟೇ ಸಂಶೋಧನೆಗೆ. ಮುಂದೆ 1897ರಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ ಒಂದು ಸೊಳ್ಳೆ ಕಚ್ಚಿದರೆ ಒಂದಾಣೆಯಂತೆ ಕೊಟ್ಟು ಕಚ್ಚಿಸಿದರು. ಇಂದು ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು.

ಸುಳಿವು ಸಿಗುವ ಹೊತ್ತಿಗೆ ಆದೇಶ ಬಂತು: ಬೆಂಗಳೂರಿನಲ್ಲಿ ಕಾಲರಾ ಹಬ್ಬಿದೆ, ಹೊರಡಿ. 1895ರ ಸೆಪ್ಟೆಂಬರಿನಲ್ಲಿ ರಾಸ್ ಮತ್ತೆ ನಮ್ಮೂರಿಗೆ ಬಂದರು. ಬಾವಿಗಳು, ಚರಂಡಿಗಳು, ನೈರ್ಮಲ್ಯ ಎಂದು ಓಡಾಡಿದರು, ವರದಿಯನ್ನೂ ಬರೆದರು. ಅದು ಅಗತ್ಯವಾದ ಕೆಲಸವೇ. ಆದರೆ ಬೆಂಗಳೂರಿನಲ್ಲಿ ಮಲೇರಿಯಾ ರೋಗಿಗಳು ಹೆಚ್ಚು ಸಿಗದೆ ಸೊಳ್ಳೆಯ ಸಂಶೋಧನೆ ಬಹುಕಾಲ ಕುಂಟಿತು. ಮಲೇರಿಯಾ ಅಧ್ಯಯನಕ್ಕೆಂದೇ ತಮ್ಮನ್ನು ನೇಮಿಸಿ ಎಂದು ಕೇಳಿಕೊಂಡರೂ ಸರ್ಕಾರ ಒಪ್ಪಲಿಲ್ಲ. ಕೊನೆಗೆ ರಜೆ ಹಾಕಿ ಊಟಿ ಬಳಿಯ ಸೀಗೂರು ಘಾಟಿಗೆ ಸೊಳ್ಳೆ ಹುಡುಕಲು ಹೋದರು. ಅಲ್ಲಿ ಅವರಿಗೇ ಮಲೇರಿಯಾ ಹಿಡಿಯಿತು.

ಸಿಕಂದರಾಬಾದಿಗೆ ಮರಳಿದ ಮೇಲೆ, ಬೆವರಿಗೆ ತುಕ್ಕು ಹಿಡಿದ ಹಳೆಯ ಸೂಕ್ಷ್ಮದರ್ಶಕದಲ್ಲೇ ಒಂದೊಂದಾಗಿ ಸೊಳ್ಳೆ ಸೀಳಿ ನೋಡಿದರು. 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಜೀವಿ ಬೆಳೆಯುತ್ತಿರುವುದು ಕಂಡಿತು. ಆ ದಿನವೇ ಈಗ ವಿಶ್ವ ಸೊಳ್ಳೆ ದಿನ.

ಇನ್ನು ಕೆಲಸ ಸರಾಗ ಎಂದುಕೊಳ್ಳುವಷ್ಟರಲ್ಲಿ ಮತ್ತೆ ವರ್ಗಾವಣೆ. ಈ ಸಲ ರಜಪುತಾನದ ಖೇರ್ವಾಡಾಕ್ಕೆ. ಅಲ್ಲಿ ಮಲೇರಿಯಾ ರೋಗಿಗಳೇ ಸಿಗಲಿಲ್ಲ. ಮ್ಯಾನ್ಸನ್ ಲಂಡನ್ನಿನಿಂದ ಒತ್ತಡ ಹಾಕಿದ ಮೇಲೆ 1898ರಲ್ಲಿ ಕಲ್ಕತ್ತಾದಲ್ಲಿ ಸಂಶೋಧನೆಗೆಂದೇ ಅವಕಾಶ ಸಿಕ್ಕಿತು. ಅದೇ ವರ್ಷದ ಜುಲೈನಲ್ಲಿ, ಹಕ್ಕಿಗಳ ಮಲೇರಿಯಾ ಸೊಳ್ಳೆಯ ಜೊಲ್ಲಿನ ಮೂಲಕ ದಾಟುತ್ತದೆ ಎಂದು ತೋರಿಸಿಬಿಟ್ಟರು. ಮನುಷ್ಯರ ವಿಷಯದಲ್ಲಿ ಇದನ್ನು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಖಚಿತಪಡಿಸಿದರು. ಪೂರ್ತಿ ಸಮಯ ಸಿಕ್ಕಾಗ ಕೆಲವೇ ತಿಂಗಳಲ್ಲಿ ಆದ ಕೆಲಸವಿದು ಎಂಬುದನ್ನು ನಾವು ಗಮನಿಸಬೇಕು.

ಖರ್ಚು ಮಾಡಿದ ಊರು, ಮಾಡದ ಊರು

1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಆದರೆ ಕಾರಣ ತಿಳಿದ ಮಾತ್ರಕ್ಕೆ ರೋಗ ಹೋಗುವುದಿಲ್ಲ. ಅದೇ ವರ್ಷ ಸೂಯೆಜ್ ಕಾಲುವೆ ಕಂಪನಿ ತನ್ನ ಇಸ್ಮಾಯಿಲಿಯಾ ಪಟ್ಟಣಕ್ಕೆ ರಾಸ್ ಅವರನ್ನು ಕರೆಸಿತು. ಅಲ್ಲಿ ವರ್ಷಕ್ಕೆ ಸುಮಾರು 2,000 ಮಲೇರಿಯಾ ಪ್ರಕರಣಗಳಿದ್ದವು. ನಿಂತ ನೀರು ಬತ್ತಿಸಲು, ಮನೆಮನೆ ತಪಾಸಣೆ ಮಾಡಲು ಕಂಪನಿ ಹಣ ಕೊಟ್ಟು ಕಾಯಂ ಆಳುಗಳನ್ನು ಇಟ್ಟಿತು. 1903ರಲ್ಲಿ ಪ್ರಕರಣಗಳು 214ಕ್ಕೆ ಇಳಿದವು, 1905ರ ಹೊತ್ತಿಗೆ 50ಕ್ಕಿಂತ ಕೆಳಗೆ ಬಂದವು.

ಲಾಹೋರ್ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಬ್ರಿಟಿಷ್ ಸರ್ಕಾರವೂ ಇಂಥದ್ದೇ ಪ್ರಯೋಗ ಮಾಡಿತು. 1909ರ ಹೊತ್ತಿಗೆ ಪ್ರಯೋಜನವಾಗಲಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ರಾಸ್ ಇದನ್ನು ಒಪ್ಪಲಿಲ್ಲ. ಅರೆಬರೆ ಹಣದಲ್ಲಿ ಅರೆಬರೆ ಕೆಲಸ ಮಾಡಿ, ವಿಧಾನವೇ ತಪ್ಪು ಎನ್ನುವುದು ನ್ಯಾಯವಲ್ಲ ಎಂಬುದು ಅವರ ವಾದವಾಗಿತ್ತು.

ಎಲ್ಲ ಸೊಳ್ಳೆ ಸಾಯಿಸಬೇಕೇ?

ಇಲ್ಲ. ಇದನ್ನು ಗಣಿತದಿಂದ ತೋರಿಸಿದವರೂ ರಾಸ್ ಅವರೇ. ಲೆಕ್ಕ ಸರಳ. ಒಬ್ಬ ರೋಗಿಯಿಂದ ಸೊಳ್ಳೆಗಳ ಮೂಲಕ ಸರಾಸರಿ ಒಬ್ಬರಿಗಿಂತ ಹೆಚ್ಚು ಜನರಿಗೆ ರೋಗ ಹರಡಿದರೆ ಅದು ಬೆಳೆಯುತ್ತದೆ, ಒಬ್ಬರಿಗಿಂತ ಕಡಿಮೆ ಜನರಿಗೆ ಹರಡಿದರೆ ತಾನಾಗಿ ಕರಗುತ್ತದೆ. ಸೊಳ್ಳೆಗಳನ್ನು ಒಂದು ಮಟ್ಟದಿಂದ ಕೆಳಗೆ ಇಟ್ಟರೆ ಸಾಕು. ಕೊರೊನಾ ಕಾಲದಲ್ಲಿ ಟಿವಿಯಲ್ಲಿ ಕೇಳಿದ ಆರ್ ಸಂಖ್ಯೆಯ ಹಿಂದಿರುವುದೂ ಇದೇ ಬಗೆಯ ಲೆಕ್ಕ.

ಇದೇ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಖರ್ಚು ನಿಲ್ಲಿಸಿದರೆ ಸೊಳ್ಳೆಗಳು ಮೆಲ್ಲಗೆ ಆ ಮಟ್ಟ ದಾಟುತ್ತವೆ. ಮೊದಲ ವರ್ಷ ಏನೂ ಕಾಣುವುದಿಲ್ಲ, ಹಣ ಉಳಿಯಿತು ಎಂದೇ ಅನ್ನಿಸುತ್ತದೆ. ಕಾಣುವ ಹೊತ್ತಿಗೆ ರೋಗ ಊರು ತುಂಬಿರುತ್ತದೆ.

ಭಾರತದಲ್ಲಿ ಆದದ್ದೇ ಇದು

ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಡಿಡಿಟಿ ಸಿಂಪಡಣೆ ನಡೆಯಿತು. 1961ರಲ್ಲಿ ದಾಖಲಾದ ಪ್ರಕರಣಗಳು ಸುಮಾರು 50 ಸಾವಿರ ಮಾತ್ರ. ಮಲೇರಿಯಾ ಮುಗಿಯಿತು ಎಂದೇ ಎಲ್ಲರೂ ಭಾವಿಸಿದರು.

ಆಮೇಲೆ ವಿದೇಶಿ ನೆರವು ತಗ್ಗಿತು, ಡಿಡಿಟಿ ಸಮಯಕ್ಕೆ ಸಿಗದಾಯಿತು, ಹಳ್ಳಿಗಳಲ್ಲಿ ನಿಗಾ ಸಡಿಲವಾಯಿತು. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು. ಹಣವೊಂದೇ ಕಾರಣವಲ್ಲ ನಿಜ. ಆದರೆ ರೋಗ ಮುಗಿಯಿತು ಎಂದು ಪ್ರಪಂಚದಾದ್ಯಂತ ಮಲೇರಿಯಾ ಸಂಶೋಧನೆಯೂ ಸೊರಗಿದ್ದರಿಂದ, ಡಿಡಿಟಿ ಸೋತಾಗ ಬೇರೆ ದಾರಿ ಸಿದ್ಧವಿರಲಿಲ್ಲ. 1976ರಲ್ಲಿ ದೇಶದಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. 1930ರ ದಶಕದಿಂದ ಈಚೆಗೆ 61 ದೇಶಗಳಲ್ಲಿ ಮಲೇರಿಯಾ ಮರುಕಳಿಸಿದ 75 ಸಂದರ್ಭಗಳನ್ನು 2012ರ ಅಧ್ಯಯನವೊಂದು ಪರಿಶೀಲಿಸಿತು. 68 ಕಡೆ ನಿಯಂತ್ರಣ ಕಾರ್ಯಕ್ರಮ ದುರ್ಬಲವಾದದ್ದೇ ಒಂದು ಕಾರಣ, ಅದಕ್ಕೆ ಮುಖ್ಯವಾಗಿ ಹಣದ ಕೊರತೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಆರೋಗ್ಯ ತಜ್ಞರು ಗಾಬರಿಯಾದದ್ದು ಇದಕ್ಕೇ.

ದೇವನಹಳ್ಳಿಯಲ್ಲಿರುವ ಉತ್ತರ

ಆ ಪೆಟ್ಟು ತಿಂದ ಮೇಲೆ, 1977ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಲೇರಿಯಾ ಸಂಶೋಧನಾ ಕೇಂದ್ರವನ್ನು ತೆರೆಯಿತು. ಈಗ ಅದು ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ. ಅದರ ಬೆಂಗಳೂರು ಘಟಕ ಇರುವುದು ದೇವನಹಳ್ಳಿ ತಾಲ್ಲೂಕಿನ ಪೂಜನಹಳ್ಳಿಯಲ್ಲಿ. ರೇಷ್ಮೆ ಬೆಳೆಯುವವರ ಕಷ್ಟ ನಮಗೆ ಗೊತ್ತೇ ಇದೆ. ಮನೆಯೊಳಗೆ ಸೊಳ್ಳೆ ಔಷಧಿ ಹೊಡೆದರೆ ರೇಷ್ಮೆ ಹುಳ ಸಾಯುತ್ತದೆ, ಹಾಗಾಗಿ ಸಿಂಪಡಣೆಗೆ ಒಪ್ಪುವುದಿಲ್ಲ. ಈ ಸಂಸ್ಥೆಯ ವಿಜ್ಞಾನಿಗಳು ಕೋಲಾರ, ಹಾಸನ ಜಿಲ್ಲೆಗಳ ಇಂಥ ಹಳ್ಳಿಗಳ ಬಾವಿಗಳಿಗೆ ಸೊಳ್ಳೆ ಮರಿ ತಿನ್ನುವ ಗಪ್ಪಿಯಂಥ ಪುಟ್ಟ ಮೀನುಗಳನ್ನು ಬಿಟ್ಟರು. ಮಲೇರಿಯಾ ಗಣನೀಯವಾಗಿ ಇಳಿಯಿತು. ವರ್ಷಗಟ್ಟಲೆ ಸಂಬಳ ಕೊಟ್ಟು, ಹಳ್ಳಿಗೆ ಹೋಗಿ ಬರುವ ಖರ್ಚು ಕೊಟ್ಟು ನಡೆಸಿದ ಸಂಶೋಧನೆಯ ಫಲ ಇದು.

ಇಂಥ ಸಂಸ್ಥೆಗಾಗಿ ರಾಸ್ ಕೊನೆಯವರೆಗೂ ಒದ್ದಾಡಿದರು. 1913ರಲ್ಲಿ, ಸಿಡುಬಿನ ಲಸಿಕೆ ಕಂಡುಹಿಡಿದ ಜೆನ್ನರ್‌ಗೆ ಕೊಟ್ಟಂತೆ ತಮಗೂ ಗೌರವಧನ ಕೊಡಿ ಎಂದು ಬ್ರಿಟಿಷ್ ಸರ್ಕಾರವನ್ನು ಕೇಳಿದರು, ಸಿಗಲಿಲ್ಲ. 1926ರಲ್ಲಿ ಅವರ ಹೆಸರಿನಲ್ಲಿ ಲಂಡನ್ನಿನಲ್ಲಿ ಸಂಸ್ಥೆಯೊಂದು ತೆರೆದರೂ, ಹಣದ ಚಿಂತೆ ತಪ್ಪಲಿಲ್ಲ. 1928ರಲ್ಲಿ ತಮ್ಮ ಸಂಶೋಧನೆಯ ಕಾಗದಪತ್ರಗಳನ್ನೇ 2,000 ಪೌಂಡಿಗೆ ಮಾರಬೇಕಾಯಿತು. 1932ರ ಸೆಪ್ಟೆಂಬರ್ 16ರಂದು ತೀರಿಕೊಂಡರು.

ಹಾಗಾದರೆ ಮಲೇರಿಯಾ ಕಡಿಮೆಯಾದ ಮೇಲೆ ಖರ್ಚು ದಂಡವೇ? ಅಲ್ಲ. ಖರ್ಚು ಮಾಡುತ್ತಿರುವುದರಿಂದಲೇ ಅದು ಕಡಿಮೆ ಇದೆ. ಇಂಥ ಖರ್ಚು ವೇಸ್ಟ್ ಎನ್ನುವ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಅದರ ಜೊತೆ 1961 ಮತ್ತು 1976ರ ಲೆಕ್ಕವನ್ನೂ ಕಳಿಸಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಡ್ರಮ್ಮಿನ ಮುಚ್ಚಳವನ್ನು ನೀವೇ ತೆಗೆದು ತೋರಿಸಿ.